ಎಷ್ಟು ವರ್ಷ ಇರುತ್ತದೆ ಅಂತ ಕೇಳಿದ್ದಕ್ಕೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಆಡಿದ ಮಾತೆಲ್ಲ ಮತ್ತೆ ಬರೆಯುವುದು ಬೇಡ, ಇಬ್ಬರಿಗೂ ನೆನಪಿದೆ. ವ್ಯಾಂಕೂವರ್‌ನಲ್ಲಿ ಅನಿಮೇಷನ್ ಸ್ಟುಡಿಯೊ ಒಂದರಲ್ಲಿ ಕೆಲಸ ಸಿಕ್ಕಿತು ಅಂತ ನೀನು ಹೇಳಿದ ಕೂಡಲೇ ನಾನು ‘ಆ ಸ್ಟುಡಿಯೊ ಎಷ್ಟು ವರ್ಷ ಇರುತ್ತದೆ?’ ಅಂದೆ. ನಿನಗೆ ಬೇಜಾರಾಯಿತು. ಆದರೂ ಆ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಲೆಕ್ಕಪತ್ರ ನೋಡುತ್ತಲೇ ಕೂದಲು ಬೆಳ್ಳಗಾದವಳು ನಾನು. ಕಂಪನಿ ದೊಡ್ಡದಾದಷ್ಟೂ ದೂರದ ಶಾಖೆಯ ಹೆಸರಿನ ಮೇಲೆ ಗೀಟು ಎಳೆಯುವುದು ಸುಲಭ.

ಅಮೆರಿಕದ ಅನಿಮೇಷನ್ ಕಂಪನಿ ಪಿಕ್ಸಾರ್ ತೆರೆದ ಶಾಖೆ, ಪಿಕ್ಸಾರ್ ಕೆನಡಾ ಕಥೆಯನ್ನೇ ನೋಡು. ನೀನು ಹೋಗುತ್ತಿರುವ ಊರಿನಲ್ಲೇ 2010ರ ಏಪ್ರಿಲ್‌ನಲ್ಲಿ ಶುರುವಾಯಿತು. ಕಾರ್ಸ್, ಟಾಯ್ ಸ್ಟೋರಿ ಪಾತ್ರಗಳ ಪುಟ್ಟ ಪುಟ್ಟ ಚಿತ್ರ ಮಾಡುತ್ತಿದ್ದರು. 2013ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿದರು. ಮೂರೂವರೆ ವರ್ಷ, ಅಷ್ಟೇ. ಹೆಚ್ಚುಕಡಿಮೆ ನೂರು ಜನರ ಕೆಲಸ ಹೋಯಿತು. ಅದೇ ವರ್ಷ ಬಂದ ಪಿಕ್ಸಾರ್‌ನ ಮಾನ್‌ಸ್ಟರ್ಸ್ ಯೂನಿವರ್ಸಿಟಿ 70 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತ್ತು! ದುಡ್ಡಿಲ್ಲದೆ ಮುಚ್ಚಿದ್ದಲ್ಲ. ಎಲ್ಲವನ್ನೂ ಮುಖ್ಯ ಸ್ಟುಡಿಯೊದ ಒಂದೇ ಸೂರಿನಡಿ ತರುತ್ತೇವೆ ಅಂದರು. ಆ ನೂರು ಜನರಲ್ಲಿ ಒಬ್ಬಳು ಹಿಂದಿನ ವಾರವಷ್ಟೇ ಹೊಸ ಮನೆಗೆ ಅಡ್ವಾನ್ಸ್ ಕೊಟ್ಟಿದ್ದಿರಬಹುದು, ಅಲ್ವಾ? ಅವಳ ಶಾಟ್ ಚೆನ್ನಾಗಿ ಬಂದಿತ್ತೋ ಇಲ್ಲವೋ ಅಂತ ಯಾರಾದರೂ ನೋಡಿದರಾ? ನನಗೆ ಅವಳದೇ ಯೋಚನೆ.

ಎಲ್ಲವೂ ಅಷ್ಟು ಬೇಗ ಮುಚ್ಚುವುದಿಲ್ಲ ಅಂದೆ ನೀನು. ಸರಿ. ಪಿಕ್ಸಾರ್‌ನ ಮಾಲೀಕ ಕಂಪನಿ ಡಿಸ್ನಿಯ ಸಿಡ್ನಿ ಸ್ಟುಡಿಯೊ 1988ರಿಂದ 2006ರವರೆಗೆ ನಡೆಯಿತು. ಪ್ಯಾರಿಸ್ಸಿನದು 2003ರಲ್ಲಿ, ಟೋಕಿಯೊದ್ದು 2004ರಲ್ಲಿ ನಿಂತಿತು. ಆದರೆ ಅದೇ ಕಂಪನಿ ಟೊರಾಂಟೊ ಮತ್ತು ವ್ಯಾಂಕೂವರ್‌ನಲ್ಲಿ 1996ರಲ್ಲಿ ತೆರೆದದ್ದು 2000ಕ್ಕೇ ಮುಗಿಯಿತು. ಡಿಸ್ನಿಯ ವಿಡಿಯೊ ಗೇಮ್ ಕಡೆಯೂ ಹಾಗೇ. ಬ್ರೈಟನ್‌ನ ಬ್ಲ್ಯಾಕ್ ರಾಕ್ ಅನ್ನು 2006ರಲ್ಲಿ ಕೊಂಡು 2011ರಲ್ಲಿ ಮುಚ್ಚಿದರು. ವ್ಯಾಂಕೂವರ್‌ನ ಪ್ರೊಪಗ್ಯಾಂಡಾ ಗೇಮ್ಸ್ ಅಂತೂ 2010ರ ಡಿಸೆಂಬರ್‌ನಲ್ಲಿ ಟ್ರಾನ್ ಗೇಮ್ ಹೊರತಂದಿತು, ಮುಂದಿನ ತಿಂಗಳೇ ಇಲ್ಲವಾಯಿತು. 2023ರಲ್ಲಿ ಡಿಸ್ನಿಯದೇ ಆದ, ಸಿನಿಮಾ ವಿಷುವಲ್ ಎಫೆಕ್ಟ್ಸ್ ಮಾಡುವ ಐಎಲ್‌ಎಂನ ಸಿಂಗಪುರ ಶಾಖೆ ಮುಚ್ಚುತ್ತೇವೆ ಅಂದಾಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದ್ದರು.

ಹೀಗೆ ತೆರೆದು ಮುಚ್ಚುವುದಕ್ಕೆ ಕಾರಣ ನಿನಗೇ ಚೆನ್ನಾಗಿ ಗೊತ್ತು, ಆದರೂ ಹೇಳುತ್ತೇನೆ. ಹೊರದೇಶದಲ್ಲಿ ಸ್ಟುಡಿಯೊ ತೆರೆಯುವುದು ಬರೀ ಅಲ್ಲಿನವರ ಕೈಚಳಕ ನೋಡಿ ಅಲ್ಲ. ಅಲ್ಲಿನ ಸರ್ಕಾರ ಸಂಬಳದ ಒಂದು ಪಾಲನ್ನು ತೆರಿಗೆ ರಿಯಾಯಿತಿಯಾಗಿ ವಾಪಸ್ ಕೊಡುತ್ತದೆ. ವ್ಯಾಂಕೂವರ್ ಇರುವ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ 2025ರಲ್ಲಿ ಹೊರಗಿನ ನಿರ್ಮಾಣಗಳಿಗೆ ಅದನ್ನು ಶೇ. 28ರಿಂದ 36ಕ್ಕೆ ಏರಿಸಿತು. ಅನಿಮೇಷನ್‌ಗೆ ಮೇಲೊಂದಿಷ್ಟು. ಅದರ ಮೇಲೆ, ಕೆನಡಾ ಡಾಲರ್ ಅಮೆರಿಕದ್ದಕ್ಕಿಂತ ಅಗ್ಗವಾಗಿದ್ದಾಗ ವಿನಿಮಯದ ಲಾಭ. ಪಿಕ್ಸಾರ್ ಕೆನಡಾ ಇದ್ದ ಆ ವರ್ಷಗಳಲ್ಲಿ ಕೆನಡಾ ಡಾಲರ್ ಅಮೆರಿಕದ ಡಾಲರ್‌ಗೆ ಸರಿಸಮ ಆಗಿಬಿಟ್ಟಿತ್ತು, ಆ ಲಾಭ ಕರಗಿಹೋಗಿತ್ತು. ನೋಡು, ಮತ್ತೆ ಅಲ್ಲಿಗೇ ಬಂದೆ.

ಐರ್ಲೆಂಡಿನ ಡಬ್ಲಿನ್ ವಿಷಯ ಎತ್ತಿ ನನ್ನ ಬಾಯಿ ಮುಚ್ಚಿಸಿದ್ದೆ ನಿನ್ನೆ. ಅನಿಮೇಷನ್ ನಿರ್ದೇಶಕ ಡಾನ್ ಬ್ಲೂತ್ ಅಮೆರಿಕದಿಂದ ಅಲ್ಲಿಗೆ ಸ್ಟುಡಿಯೊ ತಂದರು, ಅದಕ್ಕೆ ಜನ ಬೇಕೆಂದು ಬ್ಯಾಲಿಫರ್ಮಟ್ ಕಾಲೇಜಿನಲ್ಲಿ ಅನಿಮೇಷನ್ ಕೋರ್ಸ್ ಶುರುವಾಯಿತು. 1995ರಲ್ಲಿ ಸ್ಟುಡಿಯೊ ಮುಚ್ಚಿತು, ಆದರೆ ಆ ಕಾಲೇಜಿನಲ್ಲಿ ಕಲಿತವರೇ 1999ರಲ್ಲಿ ಕಾರ್ಟೂನ್ ಸಲೂನ್ ಅನ್ನುವ ತಮ್ಮದೇ ಸ್ಟುಡಿಯೊ ಕಟ್ಟಿ ಆಸ್ಕರ್ ನಾಮನಿರ್ದೇಶನದವರೆಗೂ ಹೋದರು. ನಿಜ. ಎಷ್ಟು ಚೆಂದ ವಾದಿಸಿದೆ ಅಂತ ಒಳಗೊಳಗೇ ಹೆಮ್ಮೆಯೂ ಆಯಿತು. ಆದರೆ 1995ರಿಂದ 1999ರವರೆಗೆ, ಆ ಸ್ಟುಡಿಯೊದಲ್ಲೇ ದುಡಿಯುತ್ತಿದ್ದವರ ಮನೆ ಬಾಡಿಗೆ ಯಾರು ಕಟ್ಟಿದರು? ಅದನ್ನು ನೀನು ಹೇಳಲಿಲ್ಲ.

ಉಪದೇಶ ಮಾಡಬಾರದು ಅಂದುಕೊಂಡೇ ಕೂತೆ. ಸ್ವಲ್ಪ ಸಹಿಸಿಕೋ. ವರ್ಕ್ ಪರ್ಮಿಟ್ ಒಂದೇ ಮಾಲೀಕರಿಗೆ ಕಟ್ಟಿದ್ದಾ ಅಂತ ನೋಡು. ಹಾಗಿದ್ದರೆ, ಕೆಲಸ ಹೋದ ಮೇಲೆ ಪರ್ಮಿಟ್ ತಾರೀಖು ಉಳಿದಿದ್ದರೂ ಹೊಸ ಅನುಮತಿ ಇಲ್ಲದೆ ಪಕ್ಕದ ಸ್ಟುಡಿಯೊಗೆ ಸೇರುವಂತಿಲ್ಲ. ಆರು ತಿಂಗಳ ಖರ್ಚಿನ ದುಡ್ಡು ಕೂಡುವ ತನಕ ಕಾರು ಗೀರು ಕೊಳ್ಳಬೇಡ. ಇನ್ನೊಂದು, ಇದು ಸಂಬಳಕ್ಕಿಂತ ಮುಖ್ಯ: ನೀನು ಮಾಡಿದ ಶಾಟ್ ನಿನ್ನದಲ್ಲ, ಕಂಪನಿಯದು. ಚಿತ್ರ ಬಿಡುಗಡೆಯಾದರೆ ಅನುಮತಿ ಕೇಳಿ ನಿನ್ನ ರೀಲ್‌ನಲ್ಲಿ, ಅಂದರೆ ಕೆಲಸದ ಮಾದರಿ ತೋರಿಸುವ ವಿಡಿಯೊದಲ್ಲಿ, ಹಾಕಬಹುದು. ಅರ್ಧಕ್ಕೇ ನಿಂತರೆ? 2020ರ ಕೊನೆಯಲ್ಲಿ ಘೋಷಿಸಿದ ಡಿಸ್ನಿಯ ಟಿಯಾನಾ ಅನಿಮೇಷನ್ ಸರಣಿಯನ್ನು 2025ರ ಮಾರ್ಚ್‌ನಲ್ಲಿ ಕೈಬಿಟ್ಟರು. ಅದೂ ವ್ಯಾಂಕೂವರ್‌ನದೇ ಕೆಲಸ. ಅಷ್ಟು ವರ್ಷ ದುಡಿದದ್ದನ್ನು ಮುಂದಿನ ಇಂಟರ್‌ವ್ಯೂನಲ್ಲಿ ತೋರಿಸಲೂ ಆಗದಿದ್ದರೆ ಏನು ಮಾಡುತ್ತೀಯ? ಅದಕ್ಕೇ ರಜಾದಿನದಲ್ಲಿ ನಿನ್ನದೇ ಅಂತ ಏನಾದರೂ ಸ್ವಲ್ಪ ಸ್ವಲ್ಪ ಮಾಡುತ್ತಿರು. ಅದು ಯಾರದಾಗುತ್ತದೆ ಅಂತ ಒಪ್ಪಂದದಲ್ಲಿ ಮೊದಲೇ ಓದಿಕೋ. ಕೆಲವರು ಅದನ್ನೂ ತಮ್ಮದು ಅಂತ ಬರೆಸಿಕೊಳ್ಳುತ್ತಾರೆ.

ನಿನ್ನ ರೀಲ್ ರಾತ್ರಿ ಮತ್ತೆ ನೋಡಿದೆ. ಆ ಮುದುಕ ಮೆಟ್ಟಿಲು ಇಳಿಯುವಾಗ ಅವನ ಕೈ ಕಾಲಿಗಿಂತ ಮೊದಲೇ ಗೋಡೆ ಹುಡುಕುತ್ತದಲ್ಲ, ಅದನ್ನು ಎಲ್ಲಿ ನೋಡಿ ಕಲಿತೆ? ಅವರು ನಿನ್ನನ್ನು ಸುಮ್ನೆ ಆರಿಸಿಲ್ಲ. ಇದನ್ನು ನಿನ್ನೆಯೇ ಹೇಳಬೇಕಿತ್ತು, ಗಂಟಲು ಬಿಟ್ಟು ಬರಲಿಲ್ಲ.

ಹೋಗಬೇಡ ಅಂತ ನಾನು ಎಲ್ಲೂ ಬರೆದಿಲ್ಲ, ಬೇಕಾದರೆ ಮೇಲಿಂದ ಇನ್ನೊಮ್ಮೆ ಓದು. ಒಪ್ಪಂದದ ಎರಡನೇ ಪುಟ ಮಸುಕಾಗಿ ಬಂದಿದೆ. ನೋಟಿಸ್ ಅವಧಿ ಎರಡು ವಾರವೋ ಎಂಟು ವಾರವೋ ಕಾಣುತ್ತಿಲ್ಲ. ಸಹಿ ಹಾಕುವ ಮೊದಲು ಇನ್ನೊಂದು ಫೋಟೊ ಕಳಿಸು.

ಅಮ್ಮ