ಕನ್ನಡಕ ಕೊಟ್ಟ ಯಜಮಾನರಿಗೆ

ಕಳೆದ ಶನಿವಾರ ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಗೆ ಹೋಗಿದ್ದೆ. ಅದೇ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೂ ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ನಾಚಿಕೆಗೇಡು ಅಲ್ವಾ?

ಸಾಲದ್ದಕ್ಕೆ ಕನ್ನಡಕ ಮನೆಯಲ್ಲೇ ಮರೆತಿದ್ದೆ. ಪುಸ್ತಕವನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ಒದ್ದಾಡುತ್ತಿದ್ದೆ. ಎದುರಿಗೆ ಕೂತಿದ್ದ ನೀವು ಪೇಪರ್ ಮಡಚಿಟ್ಟು, ನಿಮ್ಮ ಕನ್ನಡಕ ತೆಗೆದು ನನ್ನ ಕಡೆ ತಳ್ಳಿದಿರಿ. ಒಂದು ಕಡ್ಡಿಗೆ ಬಿಳಿ ದಾರ ಸುತ್ತಿತ್ತು. 'ನಂದು ಓದಿ ಆಯ್ತು, ನೀವು ನೋಡಿ' ಅಂದಿರಿ. ಪವರ್ ಸ್ವಲ್ಪ ಜಾಸ್ತಿ, ಆದರೂ ಅಕ್ಷರ ಕಂಡವು.

ಒಂದು ಗಂಟೆ ಸುಮ್ನೆ ಕೂತಿದ್ದಿರಿ. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಅಯ್ಯರ್ ಪ್ರತಿಮೆ ತೋರಿಸಿದಿರಿ. 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿ ಮುಟ್ಟಿತು, ಅದನ್ನು ಶುರು ಮಾಡಿಸಿದ ಅವರೇ ನೋಡಲು ಇರಲಿಲ್ಲ ಅಂತ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಹೆಸರು ಕೇಳುವುದನ್ನೂ ಮರೆತೆ. ತುಂಬಾ ಥ್ಯಾಂಕ್ಸ್ ಸಾರ್. ಮುಂದಿನ ಶನಿವಾರ ಬರುತ್ತೇನೆ, ನಿಮ್ಮ ಕನ್ನಡಕದ ಕಡ್ಡಿಗೆ ಒಂದು ಸ್ಕ್ರೂ ತರುತ್ತೇನೆ.