ತಲೆ ಮೇಲೆ ತಿರುಗುವುದಕ್ಕೆ ಮುಂಚೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ‘15 ದಿನದಲ್ಲಿ ಬ್ರೇಕ್ ಡ್ಯಾನ್ಸ್’ ಎಂಬ ಬ್ಯಾನರ್‌ಗಳು ಊರೂರಿನ ವೃತ್ತಗಳಲ್ಲಿ ತೂಗಾಡುತ್ತವೆ. ಚಿತ್ರ ಹೆಚ್ಚೂಕಡಿಮೆ ಒಂದೇ: ತಲೆಯನ್ನು ನೆಲಕ್ಕೂರಿ, ಕಾಲು ಮೇಲೆ ಮಾಡಿ ಬುಗುರಿಯಂತೆ ಸುತ್ತುತ್ತಿರುವ ಹುಡುಗ. ಶಿಬಿರದ ಕೊನೆಯ ದಿನ ಪಾಲಕರು ಮೊಬೈಲ್ ಹಿಡಿದು ಕಾಯುವುದೂ ಅದಕ್ಕೇ. 15 ದಿನದಲ್ಲಿ ಅದು ಬರುವುದಿಲ್ಲ. ಬರಿಸಿಯೇ ತೀರುತ್ತೇವೆಂದು ಹೊರಟರೆ ಮಣಿಕಟ್ಟು, ಇಲ್ಲವೇ ಕುತ್ತಿಗೆ ಕೆಡುತ್ತದೆ. ಅಷ್ಟು ದಿನದಲ್ಲಿ ಚೆನ್ನಾಗಿ ಹಿಡಿತಕ್ಕೆ ಬರುವಂಥವು ಬೇರೆ ಇವೆ, ಈ ನೃತ್ಯದ ಜೀವಾಳವೂ ಅವೇ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ ಒಂದು ಪಾರ್ಟಿಯಿಂದ ಬ್ರೇಕ್ ಡ್ಯಾನ್ಸ್, ಅಂದರೆ ಬ್ರೇಕಿಂಗ್, ಯಾವ ಸಂಸ್ಕೃತಿಯ ಭಾಗವೋ ಆ ಹಿಪ್‌ಹಾಪ್‌ನ ಲೆಕ್ಕ ಶುರುವಾಗುತ್ತದೆ. ಅಲ್ಲಿ ಡಿಜೆ ಕೂಲ್ ಹರ್ಕ್ ಹಾಡುಗಾರಿಕೆ ನಿಂತು ಡ್ರಮ್ಮು ಮುಂದೆ ಬರುವ ತುಣುಕುಗಳನ್ನು ಹುಡುಕಿ ಹುಡುಕಿ ನುಡಿಸುತ್ತಿದ್ದರು. ಮುಂದೆ ಎರಡು ಟರ್ನ್‌ಟೇಬಲ್‌ಗಳಲ್ಲಿ (ರೆಕಾರ್ಡ್ ನುಡಿಸುವ ಯಂತ್ರಗಳಲ್ಲಿ) ಆ ತುಣುಕನ್ನೇ ಎಳೆದೆಳೆದು ಬೆಳೆಸಿದರು. ಹುಡುಗರು ಕುಣಿಯಲು ಕಾಯುತ್ತಿದ್ದುದು ಆ ಡ್ರಮ್ಮಿಗೆ. ಆರಂಭದ ಆ ವರ್ಷಗಳಲ್ಲಿ ಕುಣಿತ ಬಹುಪಾಲು ನಿಂತೇ ನಡೆಯುತ್ತಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬ್ರೇಕಿಂಗ್ ಸ್ಪರ್ಧೆಯಲ್ಲೂ ತೀರ್ಪುಗಾರರು ನೋಡಿದ್ದು ತಂತ್ರ, ಚಲನೆಗಳ ವೈವಿಧ್ಯ, ಅಚ್ಚುಕಟ್ಟು, ಸಂಗೀತದೊಂದಿಗಿನ ಹೊಂದಿಕೆ, ಸ್ವಂತಿಕೆ ಎಂಬ ಐದನ್ನು. ಐದಕ್ಕೂ ಸಮಾನ ತೂಕ. ಸುತ್ತುವ ಸಾಹಸಕ್ಕೆಂದೇ ಬೇರೆ ಅಂಕವಿರಲಿಲ್ಲ.

ಹಾಗಾಗಿ ಮೊದಲ ಪಾಠ ಟಾಪ್‌ರಾಕ್, ಅಂದರೆ ನಿಂತು ಹಾಕುವ ಹೆಜ್ಜೆ. ಬಲಗಾಲನ್ನು ಎಡಗಾಲಿನ ಮುಂದೆ ಅಡ್ಡವಾಗಿ ಇಡುವಾಗ ಎರಡೂ ತೋಳು ಬಿಚ್ಚಿಕೊಳ್ಳುತ್ತವೆ. ಕಾಲು ಸ್ವಸ್ಥಾನಕ್ಕೆ ಮರಳುವಾಗ ತೋಳು ಎದೆಯ ಮುಂದೆ ಸೇರುತ್ತವೆ. ಆಮೇಲೆ ಎಡಗಾಲಿನ ಸರದಿ. ಇಷ್ಟೇ. ಆದರೆ ಮಂಡಿ ಸಡಿಲವಾಗಿ, ಭಾರ ಮುಂಗಾಲಿನ ಮೇಲೆ ಇರಬೇಕು. ಹೊಸಬರು ಹಿಮ್ಮಡಿ ಊರಿ, ಮಂಡಿ ಸೆಟೆಸಿ, ಪಾದ ನೋಡುತ್ತಾ ಹೆಜ್ಜೆ ಹಾಕುತ್ತಾರೆ. ಆಗ ಕಾಲು ತಾಳಕ್ಕೆ ಬಿದ್ದರೂ ಮೈ ತಾಳಕ್ಕೆ ಬೀಳುವುದಿಲ್ಲ. ಬ್ರೇಕಿಂಗ್ ಸಂಗೀತದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 130 ಬೀಟ್. ಕಲಿಯುವಾಗ 90–100ಕ್ಕೆ ಇಳಿಸಿಕೊಂಡರೆ ತಪ್ಪೇನಿಲ್ಲ.

ಎರಡನೆಯದು ನೆಲದ ಕಾಲ್ಚಳಕ. ಅದರ ಬುನಾದಿ ಸಿಕ್ಸ್‌ಸ್ಟೆಪ್. ಎರಡೂ ಅಂಗೈ, ಎರಡೂ ಮುಂಗಾಲು ನೆಲದ ಮೇಲಿರುವ ದಂಡದ ಭಂಗಿಯಿಂದ ಆರಂಭ. ಒಂದು: ಬಲಗಾಲನ್ನು ಮುಂದೆ ಬಳಸಿ ಎಡಬದಿಗೆ ತರುವುದು, ಎಡಗೈ ಮೇಲೇಳುತ್ತದೆ. ಎರಡು: ಎಡಗಾಲು ಬಲಗಾಲಿನ ಹಿಂದೆ ಬಂದು ಕುಕ್ಕರುಗಾಲಿನಂತಾಗುತ್ತದೆ. ಮೂರು: ಬಲಗಾಲು ಬದಿಗೆ ಬಿಚ್ಚಿಕೊಂಡು ಹೊಟ್ಟೆ ಮೇಲ್ಮುಖವಾಗುತ್ತದೆ, ಸೊಂಟ ನೆಲ ಮುಟ್ಟಕೂಡದು. ಇಲ್ಲಿ ಕೈ ಬದಲು: ಎಡಗೈ ನೆಲಕ್ಕೆ, ಬಲಗೈ ಮೇಲಕ್ಕೆ. ನಾಲ್ಕು: ಎಡಗಾಲು ಬಲಗಾಲಿನ ಮುಂದೆ ಅಡ್ಡ ಬರುತ್ತದೆ. ಐದು: ಬಲಗಾಲು ಹಿಂದಕ್ಕೆ ಚಾಚುತ್ತದೆ. ಆರು: ಎಡಗಾಲೂ ಹಿಂದೆ ಹೋಗಿ ಮತ್ತೆ ದಂಡದ ಭಂಗಿ.

ಇದು ಕೆಡುವುದು ಬಹುತೇಕ ಮೂರನೆಯ ಹೆಜ್ಜೆಯಲ್ಲಿ. ಕೈ ಬದಲಿಸುವುದು ತಡವಾದರೆ ಇಡೀ ಭಾರ ಬಾಗಿದ ಒಂದೇ ಮಣಿಕಟ್ಟಿನ ಮೇಲೆ ಬೀಳುತ್ತದೆ, ಸೊಂಟ ಕುಸಿಯುತ್ತದೆ, ಹುಡುಗ ಕೂತೇಬಿಡುತ್ತಾನೆ. ಮದ್ದು ಸುಲಭ: ಸಂಗೀತ ನಿಲ್ಲಿಸಿ, ಪ್ರತಿ ಹೆಜ್ಜೆಯಲ್ಲಿ ಎರಡು ಉಸಿರು ನಿಂತು, ಮೇಲಿರುವ ಕೈಯನ್ನು ಗಾಳಿಯಲ್ಲೇ ಹಿಡಿಯುವುದು. ಹಾಗೆ ನಿಲ್ಲಲಾಗದ ಹೆಜ್ಜೆ ಇನ್ನೂ ಬಂದಿಲ್ಲ ಎಂದೇ ಅರ್ಥ. ಮೊದಲ ವಾರ ದಿನಕ್ಕೆ ಎರಡೂ ದಿಕ್ಕಿಗೆ ಹತ್ತತ್ತು ಸುತ್ತು ಸಾಕು. ಒಂದೇ ದಿಕ್ಕಿಗೆ ಕಲಿತವರು ಇನ್ನೊಂದಕ್ಕೆ ಹೊರಳಲು ಮುಂದೆ ತಿಂಗಳುಗಟ್ಟಲೆ ತಿಣುಕುತ್ತಾರೆ. ಇನ್ನೊಂದು ತೊಡಕು ಲೆಕ್ಕದ್ದು. ಹೆಜ್ಜೆ ಆರು, ಸಂಗೀತದ ಎಣಿಕೆ ಎಂಟು. ನಾಲ್ಕು ಸುತ್ತು ಹಾಕಿದಾಗ 24ಕ್ಕೆ ಎರಡೂ ಕೂಡುತ್ತವೆ. ಮೃದಂಗ ಕಲಿತ ಮಕ್ಕಳಿಗೆ ಇದು ಥಟ್ಟನೆ ಹೊಳೆಯುತ್ತದೆ. ಉಳಿದವರು ಎರಡನೇ ಸುತ್ತಿಗೇ ತಾಳ ತಪ್ಪಿತೆಂದು ಗಾಬರಿಯಾಗಿ ಓಡತೊಡಗುತ್ತಾರೆ.

ಮೂರನೆಯದು ಫ್ರೀಜ್, ಬೀಟಿಗೆ ಸರಿಯಾಗಿ ಸ್ತಬ್ಧವಾಗುವುದು. ಬೇಬಿ ಫ್ರೀಜ್‌ನಲ್ಲಿ ಬಲ ಮೊಣಕೈಯನ್ನು ಸೊಂಟದ ಮೂಳೆಯ ಒಳಬದಿಗೆ ಒತ್ತಿ ಕೂರಿಸಬೇಕು. ಬಲ ತೊಡೆಯ ಮಂಡಿ ಬಳಿಯ ತುದಿ ಎಡ ಮೊಣಕೈ ಮೇಲೆ ಬರುತ್ತದೆ. ತಲೆಯ ಬದಿ ನೆಲ ಮುಟ್ಟುತ್ತದೆ. ಎರಡು ಕೈ, ಒಂದು ತಲೆ ಸೇರಿ ತ್ರಿಕೋನ. ಮೂರೂ ಒಂದೇ ಗೆರೆಯಲ್ಲಿ ಬಂದರೆ ಮೈ ಮಗುಚುವುದು ಖಂಡಿತ. ಮೊಣಕೈ ಮೂಳೆ ಬಿಟ್ಟು ಹೊಟ್ಟೆಯ ಮೆತ್ತನೆ ಭಾಗಕ್ಕೆ ಹೋದರೆ ಜಾರುತ್ತದೆ, ಆಗ ಭಾರವೆಲ್ಲ ಕುತ್ತಿಗೆಗೆ. ತಲೆ ಇಲ್ಲಿ ಆಧಾರ ಅಷ್ಟೇ, ಹೊರೆ ಹೊರುವ ಕೆಲಸ ಕೈಗಳದು. ಬೆರಳು ಅಗಲಿಸಿ ನೆಲವನ್ನು ಹಿಡಿಯುವಂತೆ ಒತ್ತಿದರೆ ಭಾರ ಅಂಗೈ ತುಂಬ ಹರಡುತ್ತದೆ.

ಇವಕ್ಕೆಲ್ಲ ಮುಂಚೆ ಮಣಿಕಟ್ಟಿಗೆ ಹತ್ತು ನಿಮಿಷ ಕೊಡಬೇಕು. ಮಂಡಿಯೂರಿ ಅಂಗೈ ನೆಲಕ್ಕಿಟ್ಟು, ಬೆರಳು ಮುಂದಕ್ಕೆ, ಹೊರಕ್ಕೆ, ಹಿಂದಕ್ಕೆ ತಿರುಗಿಸಿ ಒಂದೊಂದರಲ್ಲೂ ಮೆಲ್ಲಗೆ ಹತ್ತು ಬಾರಿ ತೂಗುವುದು. ಬೆರಳು ಊರಿದ್ದಂತೆಯೇ ಅಂಗೈಯ ಬುಡವನ್ನು ಹತ್ತು ಬಾರಿ ಎತ್ತುವುದು. ಬೆಳೆಯುವ ಮಕ್ಕಳ ಮುಂಗೈ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರ ಇರುತ್ತದೆ. ಮೇಲಿಂದ ಮೇಲೆ ಭಾರ ಬಿದ್ದರೆ ಮೊದಲು ನೋಯುವುದೇ ಅದು. ಸ್ನಾಯುವಿನ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಮಣಿಕಟ್ಟಿನ ನೋವು ಕೈ ಊರಿದಾಗಲೆಲ್ಲ ಮರುಕಳಿಸಿದರೆ ಅಭ್ಯಾಸ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಬೇಕು. ಕ್ರೇಪ್ ಬ್ಯಾಂಡೇಜ್ ಸುತ್ತಿ ವೇದಿಕೆ ಹತ್ತಿಸುವುದಲ್ಲ.

ನೆಲದ ಬಗ್ಗೆ ಯಾರೂ ಕೇಳುವುದೇ ಇಲ್ಲ. ಕಾರ್ಪೆಟ್ ಪಾದವನ್ನು ಹಿಡಿದುಕೊಳ್ಳುತ್ತದೆ, ಮೈ ತಿರುಗುತ್ತದೆ, ನಡುವೆ ಮಂಡಿ ತಿರುಚುತ್ತದೆ. ದಪ್ಪ ಫೋಮ್ ಚಾಪೆಯಲ್ಲಿ ಅಂಗೈ ಹೂತು ಮಣಿಕಟ್ಟು ಇನ್ನಷ್ಟು ಬಾಗುತ್ತದೆ. ಜೋಡಿಸುವ ತುಂಡುಗಳಾದರೆ ಸಂದು ಬಿಟ್ಟುಕೊಂಡು ಬೆರಳು ಸಿಕ್ಕಿಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ಬೆವರು ಬಿದ್ದರೆ ಜಾರುಬಂಡೆ. ಪ್ಲೈವುಡ್ ಮೇಲೆ ಲಿನೋಲಿಯಂ ಹಾಸಿ ಅಂಚಿಗೆ ಟೇಪ್ ಅಂಟಿಸಿದರೆ ಆರಡಿ ಉದ್ದ, ಆರಡಿ ಅಗಲದಲ್ಲಿ ಒಬ್ಬರ ಕಲಿಕೆ ಆರಾಮಾಗಿ ನಡೆಯುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕಾಲ್ಚಳಕಕ್ಕೆ ಬಲು ಸೊಗಸು, ಮಂಡಿಗೆ ಪ್ಯಾಡ್ ಇರಲಿ ಅಷ್ಟೆ. ದಪ್ಪ ಹಿಮ್ಮಡಿಯ ರನ್ನಿಂಗ್ ಶೂ ಬೇಡ, ತೆಳು ಚಪ್ಪಟೆ ಅಡಿಯದ್ದು ಬೇಕು. ಹೇರ್‌ಪಿನ್, ಕ್ಲಿಪ್, ಬಳೆ, ಬೆಲ್ಟ್ ತೆಗೆದಿಡಲಿ.

ಬೆನ್ನು, ಭುಜದ ಮೇಲೆ ಉರುಳುತ್ತಾ ಕಾಲನ್ನು ಗಾಳಿಯಲ್ಲಿ ಸುತ್ತಿಸುವ ವಿಂಡ್‌ಮಿಲ್, ತಲೆಯ ಮೇಲೆ ಸುತ್ತುವ ಹೆಡ್‌ಸ್ಪಿನ್‌ಗಳು ಇವೆಲ್ಲ ಆದ ಮೇಲಿನ ಮಾತು. ಬೇಬಿ ಫ್ರೀಜ್ ಎರಡೂ ಬದಿಗೆ ಅಲುಗದೆ ನಿಲ್ಲದವರು ವಿಂಡ್‌ಮಿಲ್‌ಗೆ ಹೊರಟರೆ ಭುಜದ ಮೇಲೆ ಉರುಳುವ ಬದಲು ಬೆನ್ನುಮೂಳೆಯ ಮೇಲೆ ಧೊಪ್ಪನೆ ಬೀಳುತ್ತಾರೆ. ಹೆಡ್‌ಸ್ಪಿನ್ ಮೊದಲ ವರ್ಷಕ್ಕೆ ಬೇಡವೇ ಬೇಡ ಎಂಬುದು ನಮ್ಮ ಅಭಿಪ್ರಾಯ. 19 ವರ್ಷಕ್ಕೂ ಹೆಚ್ಚು ಕಾಲ ತಲೆಯ ಮೇಲೆ ಸುತ್ತಿದ ನರ್ತಕರೊಬ್ಬರ ನೆತ್ತಿಯಲ್ಲಿ ಬೆಳೆದ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದದ್ದನ್ನು ಡೆನ್ಮಾರ್ಕಿನ ವೈದ್ಯರು 2024ರಲ್ಲಿ ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಅದು ಪಳಗಿದವರ ಪಾಡು. ಹತ್ತು ವರ್ಷದ ಮಗುವಿನ ಕುತ್ತಿಗೆಯ ವಿಷಯ ಬೇರೆ.

ಶುಲ್ಕ ಕಟ್ಟುವ ಮುನ್ನ ಪಾಲಕರು ಒಂದು ದಿನ ತರಗತಿಯಲ್ಲಿ ಕೂತು ನೋಡಬೇಕು. ಮೊದಲ ಹತ್ತು ನಿಮಿಷ ಮಣಿಕಟ್ಟಿಗೆ ಹೋಯಿತೇ? ಕಲಿಸುತ್ತಿರುವುದು ಬ್ರೇಕಿಂಗೋ, ಅಥವಾ ಕ್ಯಾಲಿಫೋರ್ನಿಯಾದಲ್ಲಿ ಬೇರೆಯಾಗಿಯೇ ಬೆಳೆದ, ಬಹುಪಾಲು ನಿಂತೇ ಕುಣಿಯುವ ಪಾಪಿಂಗ್, ಲಾಕಿಂಗೋ? ಅವೂ ಒಳ್ಳೆಯವೇ, ಆದರೆ ಅವುಗಳ ಅಭ್ಯಾಸ ಮಣಿಕಟ್ಟು, ಭುಜಗಳನ್ನು ನೆಲದ ಕೆಲಸಕ್ಕೆ ಸಜ್ಜುಗೊಳಿಸುವುದಿಲ್ಲ. ಒಬ್ಬ ಶಿಕ್ಷಕರ ಮುಂದೆ 40 ಮಕ್ಕಳಿದ್ದರೆ ಯಾರ ಮೊಣಕೈ ಎಲ್ಲಿ ಜಾರುತ್ತಿದೆ ಎಂದು ನೋಡುವವರು ಯಾರು? 12 ಮಕ್ಕಳಿಗೆ ಒಬ್ಬರು ಎಂಬುದೇ ಹೆಚ್ಚೆಂದರೆ ಹೆಚ್ಚು. ಶಿಬಿರ ನಡೆಸುವವರು ಕರಪತ್ರದಲ್ಲಿ ಈ ಸಂಖ್ಯೆಯನ್ನೂ, ನೆಲಕ್ಕೆ ಏನು ಹಾಸುತ್ತಾರೆಂಬುದನ್ನೂ ಅಚ್ಚು ಹಾಕಿಸಲಿ. ಕೊನೆಯ ದಿನದ ಪ್ರದರ್ಶನಕ್ಕೆ ಎಂಟೆಣಿಕೆಯ ನಾಲ್ಕು ಆವರ್ತ ಟಾಪ್‌ರಾಕ್, ನಾಲ್ಕು ಸುತ್ತು ಸಿಕ್ಸ್‌ಸ್ಟೆಪ್, ಬೀಟಿಗೆ ಸರಿಯಾಗಿ ಒಂದು ಬೇಬಿ ಫ್ರೀಜ್ ಇಟ್ಟುಕೊಳ್ಳಲಿ; ಸುಮಾರು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, 15 ದಿನದಲ್ಲಿ ಕಲಿಸಲೂ ಆಗುತ್ತದೆ.

— ಇಬ್ಬರು ಬ್ರೇಕಿಂಗ್ ತರಬೇತುದಾರರು, ಬೆಂಗಳೂರು