ಜಗನ್ಮೋಹನ ಅರಮನೆ ಸಭಾಂಗಣಕ್ಕೆ ಎಂಟನೇ ತರಗತಿಯ ಭೇಟಿ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ ಮಕ್ಕಳನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮೈಸೂರಿನ ಮಕ್ಕಳು ಅದನ್ನು ನೋಡೇ ಇರುತ್ತಾರಲ್ವಾ ಅಂತ ನೀವು ಕೇಳಬಹುದು. ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತಾರೆ, ದಸರಾ ಕಾರ್ಯಕ್ರಮ ನೋಡಿರುತ್ತಾರೆ. ತಲೆ ಎತ್ತಿ ಕಟ್ಟಡ ನೋಡಿದವರು ಕಡಿಮೆ. ಈ ಸಲ ಹೋಗುತ್ತಿರುವುದು ಅದಕ್ಕೇ.

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ವೇಳೆ, ರಾಜಮನೆತನ ಆಗ ವಾಸವಿದ್ದ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೊಸದು ಮುಗಿಯುವ ಹೊತ್ತಿಗೆ 1912 ಆಯಿತು. ಅಲ್ಲಿಯವರೆಗೂ ರಾಜಮನೆತನಕ್ಕೆ ಜಗನ್ಮೋಹನವೇ ಆಸರೆ. ಹಾಗಾಗಿ ಎಷ್ಟೋ ದೊಡ್ಡ ಕೆಲಸಗಳು ಇಲ್ಲೇ ನಡೆದವು. 1902ರ ಆಗಸ್ಟ್‌ನಲ್ಲಿ ವೈಸ್‌ರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು. 1907ರಲ್ಲಿ ಮೈಸೂರು ಶಾಸನ ಪರಿಷತ್ತಿನ ಮೊದಲ ಅಧಿವೇಶನ ಸೇರಿತು. ಇವತ್ತು ನಾಟಕ, ಸಂಗೀತ, ನೃತ್ಯ ನಡೆಯುವುದೂ ಇದೇ ಸಭಾಂಗಣದಲ್ಲಿ. ಮಕ್ಕಳಿಗೆ ಇದು ಗೊತ್ತಿರಲೇಬೇಕು ಅಂತ ನನ್ನ ಆಸೆ.

ಮೊದಲು ಹೊರಗೆ ನಿಂತು ಮುಂಭಾಗದ ಗಾರೆ ಕೆಲಸ ನೋಡುತ್ತೇವೆ. ಒಳಗೆ ಬಣ್ಣದ ಗಾಜಿನ ಕಿಟಕಿಗಳಿವೆ. ಮರದ ಬಾಗಿಲುಗಳ ಮೇಲೆ ದಶಾವತಾರದ ಕೆತ್ತನೆ ಇದೆ. ಮತ್ಸ್ಯದಿಂದ ಕಲ್ಕಿಯವರೆಗೆ ಒಂದೊಂದನ್ನೇ ಮಕ್ಕಳೇ ಹುಡುಕಲಿ, ನಾವು ತೋರಿಸುವುದಿಲ್ಲ. ಗೋಡೆಯ ಮೇಲಿನ ಹಳೆಯ ದಸರಾ ಮೆರವಣಿಗೆ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೇವೆ. ಅದರಲ್ಲಿ ಯಾರ್‍ಯಾರು ಇದ್ದಾರೆ, ಏನೇನು ಉಟ್ಟಿದ್ದಾರೆ ಅಂತ ಬರೆದುಕೊಳ್ಳುವುದೇ ಅವತ್ತಿನ ಪಾಠ.

ನಮ್ಮ ಊರಿನ ನಾಟಕದ ಹುಚ್ಚು ಹಳೆಯದು. ಚಾಮರಾಜ ಒಡೆಯರ ಕಾಲದಲ್ಲಿ ಅರಮನೆಗೆ ತನ್ನದೇ ನಾಟಕ ಮಂಡಳಿ ಇತ್ತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದದ್ದು ಆಗಲೇ. ಅದರ ನಾಲ್ಕು ಮಾತುಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಿದ್ದಾರೆ. ಒಪ್ಪಿಗೆ ಸಿಕ್ಕರೆ ವೇದಿಕೆ ಮೇಲೆ ಮೈಕಿಲ್ಲದೆ ಹೇಳಿಸುತ್ತೇವೆ. ಅಂದಿನ ನಟರು ಕೊನೇ ಸಾಲಿಗೆ ಕೇಳಿಸಲು ಗಂಟಲನ್ನು ಎಷ್ಟು ಪಳಗಿಸಿರಬೇಕು ಅನ್ನುವುದು ಆಗ ತಾನಾಗಿಯೇ ತಿಳಿಯುತ್ತದೆ. ಮನೆಯಲ್ಲೂ ಸ್ವಲ್ಪ ಹೇಳಿಸಿ.

ಅಜ್ಜ ಅಜ್ಜಿ ಅಲ್ಲಿ ನಾಟಕವನ್ನೋ ಕಚೇರಿಯನ್ನೋ ನೋಡಿದ್ದರೆ ದಯವಿಟ್ಟು ಮಕ್ಕಳಿಗೆ ಹೇಳಲಿ. ಮಕ್ಕಳು ಅದನ್ನು ಬರೆದು ತರಲಿ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿ. ತಿಂಡಿ, ನೀರು, ಒಂದು ನೋಟ್‌ಬುಕ್ ಸಾಕು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಗೆ ವಾಪಸ್ ಬರುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ